ಊರು ಕಳೆದುಕೊಂಡವಳ ಊರುಗಳು

ಯುರೋಪಿನ ಭೂಪಟವನ್ನು ಮೇಜಿನ ಮೇಲೆ ಹರಡಿ, ಬಾಲ್ಟಿಕ್ ಸಮುದ್ರದ ದಕ್ಷಿಣ ದಡದ ಮೇಲೆ ಬೆರಳಿಟ್ಟು ನೋಡಿ. ಪೋಲೆಂಡ್ ಮತ್ತು ಲಿಥುವೇನಿಯಾಗಳ ನಡುವೆ ಒಂದು ಸಣ್ಣ ತುಂಡು ನೆಲ ಸಿಗುತ್ತದೆ. ಅದರ ಬಣ್ಣ ಅಕ್ಕಪಕ್ಕದ ಎರಡು ದೇಶಗಳದ್ದಲ್ಲ. ನೂರಾರು ಕಿಲೋಮೀಟರ್ ಆಚೆಗಿರುವ ರಷ್ಯದ್ದು. ಈ ತುಂಡಿನ ಮುಖ್ಯ ಪಟ್ಟಣ ಕಲಿನಿನ್‌ಗ್ರಾಡ್. ಸ್ಟಾಲಿನ್‌ನ ಜೊತೆಗಾರ ಮಿಖಾಯಿಲ್ ಕಲಿನಿನ್ 1946ರಲ್ಲಿ ತೀರಿಕೊಂಡಾಗ ಅವನ ಹೆಸರನ್ನು ಈ ಊರಿಗೆ ಅಂಟಿಸಿದರು. ಅದಕ್ಕೆ ಮುಂಚೆ, ಏಳು ಶತಮಾನಗಳ ಹತ್ತಿರ ಹತ್ತಿರ, ಇದು ಜರ್ಮನ್ನರ ಕೋನಿಗ್ಸ್‌ಬರ್ಗ್.

ಗಣಿತ ಓದುವ ಮಕ್ಕಳಿಗೆ ಈ ಹಳೆಯ ಹೆಸರು ಬೇರೊಂದು ಕಾರಣಕ್ಕೆ ಪರಿಚಿತವಿದ್ದೀತು. ಊರಿನ ನಡುವೆ ಹರಿಯುವ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಯಾವುದನ್ನೂ ಎರಡನೇ ಸಲ ತುಳಿಯದೆ ಏಳನ್ನೂ ದಾಟಿ ಬರಬಹುದೇ ಎಂಬುದು ಊರಿನವರ ಒಗಟು. ಆಗದು ಎಂದು 1730ರ ದಶಕದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ಒಂದು ಹೊಸ ಗಣಿತಶಾಖೆಯೇ ಅಲ್ಲಿಂದ ಹುಟ್ಟಿತು. ತತ್ವಶಾಸ್ತ್ರ ಓದುವವರಿಗಂತೂ ಇದು ಇಮ್ಯಾನುಯಲ್ ಕಾಂಟ್‌ನ ಊರು. ಇಲ್ಲೇ ಹುಟ್ಟಿ, ಇಲ್ಲೇ ಪಾಠ ಹೇಳಿ, 1804ರಲ್ಲಿ ಇಲ್ಲೇ ಮಣ್ಣಾದ ಆ ಮಹಾನುಭಾವ ಬದುಕಿಡೀ ಈ ಸೀಮೆ ಬಿಟ್ಟು ಹೊರಗೆ ಹೋದವನಲ್ಲ. ನದಿಯ ನಡುಗಡ್ಡೆಯಲ್ಲಿರುವ ಚರ್ಚಿನ ಗೋಡೆಗೆ ಒರಗಿದಂತೆ ಅವನ ಸಮಾಧಿ ಇಂದಿಗೂ ಇದೆ.

ಇದೇ ಊರಲ್ಲಿ ಬೆಳೆದ ಇನ್ನೊಬ್ಬಳಿಗೆ ಮಾತ್ರ ಒಂದು ಕಡೆ ಕುಳಿತಿರುವ ಭಾಗ್ಯ ಇರಲಿಲ್ಲ. ಆಕೆ ಹನ್ನಾ ಆರೆಂಟ್. ಇಪ್ಪತ್ತನೆಯ ಶತಮಾನದ ರಾಜಕೀಯ ಚಿಂತಕರ ಸಾಲಿನಲ್ಲಿ ಮುಂದೆ ನಿಲ್ಲುವ ಹೆಸರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡವರಿಗೆ ಈ ಹೆಸರು ಒಂದಲ್ಲ ಒಂದು ಪುಟದಲ್ಲಿ ಎದುರಾಗುತ್ತದೆ; ಪರೀಕ್ಷೆಗೆ ಬೇಕಾದ ನಾಲ್ಕು ಸಾಲು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಆಕೆಯ ವಿಚಾರಗಳು ಗ್ರಂಥಾಲಯದ ಕಪಾಟಿನಲ್ಲಿ ಹುಟ್ಟಿದವಲ್ಲ. ಒಂದೊಂದೂ ಒಂದೊಂದು ಊರಿನಲ್ಲಿ, ಅನೇಕ ಸಲ ಆ ಊರು ಬಿಟ್ಟು ಓಡುವಾಗ ಹುಟ್ಟಿದವು. ಹಾಗಾಗಿ ಆಕೆಯನ್ನು ಅರಿಯಲು ಪುಸ್ತಕದಷ್ಟೇ ಭೂಪಟವೂ ಬೇಕು.

ರಿಜಿಸ್ಟರ್ ಪತ್ರ

ಆರೆಂಟ್ ಹುಟ್ಟಿದ್ದು 1906ರ ಅಕ್ಟೋಬರ್ 14ರಂದು, ಜರ್ಮನಿಯ ಲಿಂಡನ್ ಎಂಬಲ್ಲಿ. ಈಗ ಅದು ಹ್ಯಾನೋವರ್ ನಗರದೊಳಗೆ ಸೇರಿಹೋಗಿದೆ. ಸಂತೆ ಚೌಕದ ಎದುರಿಗಿರುವ ಆ ಮನೆಗೆ ಈಗ ಒಂದು ಫಲಕ ಹಾಕಿದ್ದಾರೆ. ತಂದೆ ಪೌಲ್ ಎಂಜಿನಿಯರ್. ಆತನಿಗೆ ವಾಸಿಯಾಗದ ಕಾಯಿಲೆ ಹಿಡಿದಾಗ ಕುಟುಂಬ ತಮ್ಮ ಹಿರಿಯರ ಊರಾದ ಕೋನಿಗ್ಸ್‌ಬರ್ಗಿಗೆ ಮರಳಿತು. 1913ರಲ್ಲಿ, ಮಗಳಿಗೆ ಏಳು ತುಂಬುವ ಹೊತ್ತಿಗೆ, ತಂದೆ ತೀರಿಕೊಂಡ. ಅಲ್ಲಿಂದ ಮುಂದೆ ತಾಯಿ ಮಾರ್ತಾ ಮತ್ತು ಮಗಳು.

ಮನೆಯವರು ಯಹೂದಿಗಳು. ತಾಯಿಯ ಕಡೆಯವರು ರಷ್ಯದಿಂದ ಬಂದು ಚಹಾ ವ್ಯಾಪಾರದಲ್ಲಿ ನೆಲೆ ಕಂಡವರು. ಆದರೆ ಮನೆಯಲ್ಲಿ ದೇವರು ದಿಂಡರ ಮಾತು ಕಡಿಮೆ. ತಾನು ಯಹೂದಿ ಎಂಬುದು ಮನೆಯಲ್ಲಿ ಕೇಳಿದ ಮಾತಲ್ಲ, ಬೀದಿಯಲ್ಲಿ ಆಡುವ ಮಕ್ಕಳ ಬಾಯಿಂದ ಮೊದಲು ಕೇಳಿದ್ದು ಎಂದು ಆರೆಂಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಧರ್ಮಪಾಠ ಹೇಳಲು ಬರುತ್ತಿದ್ದ ಯಹೂದಿ ಗುರುಗಳ ಮುಂದೆ ಹುಡುಗಿ ಒಂದು ದಿನ ತನಗೆ ದೇವರಲ್ಲಿ ನಂಬಿಕೆ ಇಲ್ಲವೆಂದು ಘೋಷಿಸಿದಳಂತೆ. ನಂಬು ಅಂತ ನಿನ್ನನ್ನು ಕೇಳಿದವರು ಯಾರು ಎಂದು ಗುರುಗಳು ತಣ್ಣಗೆ ತಿರುಗಿ ಕೇಳಿದರಂತೆ! ಯಹೂದಿಯಾಗಿರುವುದು ನಂಬಿಕೆಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ, ಹುಟ್ಟಿನ ಜೊತೆ ಬಂದ ಸಂಗತಿ ಎಂಬುದು ಆ ಮಾತಿನ ಒಳಗಿತ್ತು.

ತಾಯಿ ಮಾರ್ತಾ ಮಾಡಿದ್ದ ಒಂದು ಏರ್ಪಾಡು ಇಲ್ಲಿ ವಿವರವಾಗಿ ಹೇಳಲು ಯೋಗ್ಯ. ಶಾಲೆಯಲ್ಲಿ ಮೇಷ್ಟ್ರುಗಳು ಯಹೂದಿಗಳ ಬಗ್ಗೆ ಕೊಂಕು ಮಾತಾಡುವುದಿತ್ತು. ಹೆಚ್ಚಾಗಿ ಪೂರ್ವದ ಕಡೆಯಿಂದ ಬಂದ ಬಡ ಯಹೂದಿ ಹುಡುಗಿಯರ ಮೇಲೆ. ಅಂಥ ಮಾತು ಮೇಷ್ಟ್ರ ಬಾಯಿಂದ ಬಂದರೆ ಹನ್ನಾ ಕೂಡಲೇ ಎದ್ದು ನಿಂತು, ತರಗತಿ ಬಿಟ್ಟು, ಮನೆಗೆ ಬಂದು, ನಡೆದದ್ದನ್ನು ಒಂದಕ್ಷರ ಬಿಡದೆ ವರದಿ ಮಾಡಬೇಕು. ತಾಯಿ ಕುಳಿತು ಶಾಲೆಗೆ ಒಂದು ರಿಜಿಸ್ಟರ್ ಪತ್ರ ಬರೆಯುತ್ತಿದ್ದಳು. ಅಲ್ಲಿಗೆ ಮಗಳ ಮಟ್ಟಿಗೆ ವಿಷಯ ಮುಗಿಯಿತು. ಒಂದು ದಿನದ ರಜೆ ಲಾಭ. ಆದರೆ ಅದೇ ಕೊಂಕು ಓರಗೆಯ ಮಕ್ಕಳಿಂದ ಬಂದರೆ ಮನೆಗೆ ಬಂದು ದೂರು ಹೇಳುವಂತಿರಲಿಲ್ಲ. ಅದನ್ನು ಅಲ್ಲಿಯೇ, ತಾನೇ, ಎದುರಿಸಿ ಬರಬೇಕು.

ಹೆತ್ತವರು ಈ ಏರ್ಪಾಡನ್ನು ಸ್ವಲ್ಪ ನಿಂತು ಗಮನಿಸಬೇಕು. ಅಧಿಕಾರ ಇರುವವರು ಅವಮಾನಿಸಿದರೆ ಅದು ದೊಡ್ಡವರು ಲಿಖಿತವಾಗಿ, ದಾಖಲೆ ಉಳಿಯುವಂತೆ, ಉತ್ತರಿಸಬೇಕಾದ ವಿಷಯ. ಸಮಾನರು ಅವಮಾನಿಸಿದರೆ ಬೆನ್ನುಮೂಳೆ ಮಗುವಿನದೇ ಆಗಿರಬೇಕು. ಎರಡು ಕಡೆಯೂ ಒಂದು ನಿಯಮ ಸಾಮಾನ್ಯ: ತಲೆ ತಗ್ಗಿಸಿ ಕೂರಕೂಡದು. ಮುಂದೆ ಆರೆಂಟ್ ಹೇಳಿದ ಒಂದು ಮಾತು ಪ್ರಸಿದ್ಧವಾಗಿದೆ. ಯಹೂದಿ ಎಂಬ ಕಾರಣಕ್ಕೆ ದಾಳಿ ನಡೆದಾಗ ಯಹೂದಿಯಾಗಿಯೇ ಎದುರು ನಿಲ್ಲಬೇಕು. ಆ ಹೊತ್ತಿನಲ್ಲಿ ನಾನು ವಿಶ್ವಮಾನವ, ನಾನು ಕೇವಲ ಮನುಷ್ಯ ಎಂದೆಲ್ಲ ಹೇಳಿ ಜಾರಿಕೊಂಡರೆ ಉತ್ತರ ಕೊಟ್ಟಂತಾಗುವುದಿಲ್ಲ ಎಂಬುದು ಅದರ ಸಾರಾಂಶ. ಪಂಡಿತರು ಇದರ ಮೂಲವನ್ನು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಹುಡುಕುತ್ತಾರೆ. ಮಾರ್ತಾಳ ರಿಜಿಸ್ಟರ್ ಪತ್ರಗಳಲ್ಲಿ ಅದು ಆಗಲೇ ಇತ್ತು ಎಂದು ನನ್ನ ಅನಿಸಿಕೆ.

ಹುಡುಗಿ ಸುಲಭದ ವಿದ್ಯಾರ್ಥಿನಿಯೇನೂ ಆಗಿರಲಿಲ್ಲ. ಹದಿನಾಲ್ಕಕ್ಕೆ ಕಾಂಟ್‌ನನ್ನು ಓದಲು ಕುಳಿತಳು. ಹದಿನೈದಕ್ಕೆ, ಅವಮಾನಿಸಿದ ಮೇಷ್ಟ್ರೊಬ್ಬರ ತರಗತಿಗೆ ಯಾರೂ ಹೋಗಬಾರದೆಂದು ಸಹಪಾಠಿಗಳನ್ನು ಸಂಘಟಿಸಿ ಶಾಲೆಯಿಂದ ಹೊರಬಿದ್ದಳು. ಖಾಸಗಿಯಾಗಿ ಓದಿ, ಹೊರಗಿನಿಂದ ಪರೀಕ್ಷೆ ಕಟ್ಟಿ, 1924ರಲ್ಲಿ ಪಾಸಾದಳು. ಆಮೇಲೆ ಮಾರ್‌ಬರ್ಗ್, ಫ್ರೈಬರ್ಗ್, ಹೈಡೆಲ್‌ಬರ್ಗ್. ಮಾರ್‌ಬರ್ಗಿನಲ್ಲಿ ಪಾಠ ಹೇಳಿದ ಮಾರ್ಟಿನ್ ಹೈಡೆಗರ್‌ನೊಂದಿಗೆ ಪ್ರೇಮವೂ ಬೆಳೆಯಿತು. ಆತ ವಿವಾಹಿತ, ಈಕೆಗಿಂತ ಹದಿನೇಳು ವರ್ಷ ದೊಡ್ಡವನು. ಸಿನಿಮಾದವರಿಗೂ ಕಾದಂಬರಿಕಾರರಿಗೂ ಇಷ್ಟವಾದ ಈ ಪ್ರಕರಣವನ್ನು ನಾವು ಇಲ್ಲಿ ದಾಟಿ ಹೋಗಬಹುದು. ನೆನಪಿಡಬೇಕಾದದ್ದು ಇಷ್ಟು: 1933ರಲ್ಲಿ ಆ ಗುರು ನಾಜಿ ಪಕ್ಷ ಸೇರಿದ, ಫ್ರೈಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥನಾದ. ಶತ್ರುಗಳು ಏನು ಮಾಡಿದರೆಂಬುದಕ್ಕಿಂತ, ಓದುಬರಹ ಬಲ್ಲ ಸ್ನೇಹಿತರು ತಾವಾಗಿಯೇ ಸಾಲಿಗೆ ಸೇರಿಕೊಂಡರಲ್ಲ, ಅದು ತನ್ನನ್ನು ಹೆಚ್ಚು ನಡುಗಿಸಿತೆಂದು ಆರೆಂಟ್ ಬಹು ವರ್ಷಗಳ ನಂತರವೂ ಹೇಳುತ್ತಿದ್ದರು.

ಎರಡು ಬಾಗಿಲಿನ ಮನೆ

ಬರ್ಲಿನ್ನಿನ ಯೇಗರ್ ಬೀದಿಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಾಹೆಲ್ ಎಂಬ ಯಹೂದಿ ಯುವತಿಯ ಮನೆಯಿತ್ತು. ರಾಜಕುಮಾರರು, ಕವಿಗಳು, ಪಂಡಿತರು ಚಹಾ ಕುಡಿಯುತ್ತ ಹರಟೆ ಹೊಡೆಯಲು ಅಲ್ಲಿಗೆ ಬರುತ್ತಿದ್ದರು. ಎಲ್ಲರಿಗೂ ಬೇಕಾದವಳು, ಆದರೆ ಯಾರಿಗೂ ಸಮಾನಳಲ್ಲ. ರಾಹೆಲ್ ಹೆಸರು ಬದಲಿಸಿದಳು, ಕ್ರೈಸ್ತಳಾದಳು, ಜರ್ಮನ್ ಅಧಿಕಾರಿ ಫಾರ್ನ್‌ಹಾಗೆನ್‌ನನ್ನು ಮದುವೆಯಾದಳು. 1833ರಲ್ಲಿ ಸಾಯುವಾಗ ಮಾತ್ರ, ಯಾವ ಹುಟ್ಟನ್ನು ಬದುಕಿಡೀ ಕಳಂಕವೆಂದು ಕಂಡಳೋ ಅದು ಇಲ್ಲದಿದ್ದರೆ ತಾನು ತಾನಾಗಿರುತ್ತಿರಲಿಲ್ಲ ಎಂಬ ತಿಳಿವು ಬಂದಿತ್ತು. ಬರ್ಲಿನ್ನಿಗೆ ಬಂದ ಆರೆಂಟ್ ಈಕೆಯ ಜೀವನಚರಿತ್ರೆ ಬರೆಯತೊಡಗಿದರು.

ಅದರ ಫಲವಾಗಿ ಎರಡು ಪದಗಳು ಆಕೆಯ ಚಿಂತನೆಯಲ್ಲಿ ನೆಲೆ ನಿಂತವು. ಒಂದು 'ಪಾರ್ವೆನು': ಮೇಲಿನವರ ಅಂಗಳಕ್ಕೆ ನುಸುಳಿ, ತನ್ನ ಗುರುತನ್ನು ಬಚ್ಚಿಟ್ಟು, ಅವರಂತೆಯೇ ಆಗಲು ಹೆಣಗುವವನು. ಇನ್ನೊಂದು 'ಪರಿಯಾ': ಹೊರಗೆ ಇರಿಸಲ್ಪಟ್ಟವನು. ಈ ಎರಡನೆಯ ಪದ ನಮ್ಮ ಪಕ್ಕದ ನೆಲದ್ದು! ಪರೈ ಎಂಬ ಚರ್ಮವಾದ್ಯದ ಹೆಸರಿನಿಂದ ಬಂದ ತಮಿಳು ನಾಡಿನ ಪರೆಯರ್ ಸಮುದಾಯದ ಹೆಸರು, ಯುರೋಪಿನವರ ಹಡಗು ಹತ್ತಿ ಹೋಗಿ, ಅವರ ಭಾಷೆಗಳಲ್ಲಿ ಬಹಿಷ್ಕೃತ ಎಂಬ ಅರ್ಥದಲ್ಲಿ ನಿಂತುಬಿಟ್ಟಿದೆ. ಒಂದು ಸಮುದಾಯ ಉಂಡ ನೋವು ಇನ್ನೊಂದು ಖಂಡದಲ್ಲಿ ಬರಿಯ ಮಾದರಿ ಪದವಾಗಿ ಬಳಕೆಯಾಗುವುದು ವಿಚಿತ್ರವೇ. ಅದಿರಲಿ. ಫ್ರಾನ್ಸಿನ ಲೇಖಕ ಬರ್ನಾರ್ ಲಝಾರ್‌ನಿಂದ ಆರೆಂಟ್ ಪಡೆದದ್ದು 'ಎಚ್ಚೆತ್ತ ಪರಿಯಾ' ಎಂಬ ಕಲ್ಪನೆ. ಹೊರಗಿಟ್ಟಿದ್ದಾರೆಂಬುದನ್ನು ಮರೆಮಾಚದೆ, ಆ ಹೊರಗಿನ ಜಾಗದಿಂದಲೇ ನ್ಯಾಯ ಕೇಳುವವನು ಆತ. ಒಳಗೆ ಬಿಡಿ ಎಂದು ಅಂಗಲಾಚುವವನಲ್ಲ.

1933ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಅದನ್ನೇ ನೆಪ ಮಾಡಿಕೊಂಡು ಹಿಟ್ಲರ್‌ನ ಸರ್ಕಾರ ಬಂಧನಗಳನ್ನು ಆರಂಭಿಸಿತು. ಆ ದಿನಗಳಲ್ಲಿ ಜರ್ಮನ್ ಯಹೂದಿ ನಾಯಕ ಕುರ್ಟ್ ಬ್ಲೂಮೆನ್‌ಫೆಲ್ಡ್ ಆರೆಂಟರಿಗೆ ಒಂದು ಕೆಲಸ ಒಪ್ಪಿಸಿದರು. ಸರ್ಕಾರಿ ಗ್ರಂಥಾಲಯದಲ್ಲಿ ಕುಳಿತು, ವೃತ್ತಿಸಂಘಗಳು, ಕ್ಲಬ್ಬುಗಳು, ಪತ್ರಿಕೆಗಳು ಯಹೂದಿಗಳ ವಿರುದ್ಧ ಬರೆದದ್ದನ್ನೆಲ್ಲ ನಕಲು ಮಾಡಿ ಹೊರಜಗತ್ತಿಗೆ ತೋರಿಸಲು ಸಿದ್ಧಪಡಿಸಬೇಕು. ಸಿಕ್ಕಿಬಿದ್ದರು. ಎಂಟು ದಿನ ಬಂಧನ. ವಿಚಾರಣೆ ಮಾಡಿದ ಅಧಿಕಾರಿ ಕಳ್ಳಕಾಕರ ವಿಭಾಗದಿಂದ ರಾಜಕೀಯ ವಿಭಾಗಕ್ಕೆ ಆಗ ತಾನೇ ಬಂದವನು, ಹೊಸ ಕೆಲಸ ಇನ್ನೂ ತಲೆಗೆ ಹತ್ತಿರಲಿಲ್ಲ. ಸಿಗರೇಟು ತರಿಸಿಕೊಟ್ಟ, ಈಕೆ ಕಟ್ಟಿದ ಕಥೆಗಳನ್ನು ಕೇಳಿದ, ಬಿಟ್ಟುಬಿಟ್ಟ.

ಅದೃಷ್ಟ ಎರಡು ಸಲ ಬಾಗಿಲು ತಟ್ಟುವುದಿಲ್ಲವೆಂದು ತಿಳಿದ ತಾಯಿ ಮಗಳು ಪಾಸ್‌ಪೋರ್ಟು ಇಲ್ಲದೆ ಹೊರಟರು. ಜರ್ಮನಿ ಮತ್ತು ಅಂದಿನ ಚೆಕೊಸ್ಲೊವಾಕಿಯ ನಡುವಿನ ಏರ್ಟ್ಸ್ ಬೆಟ್ಟಸಾಲಿನಲ್ಲಿ ಒಂದು ಮನೆ. ಅದರ ಮುಂಬಾಗಿಲು ಜರ್ಮನಿಯಲ್ಲಿ, ಹಿಂಬಾಗಿಲು ಚೆಕೊಸ್ಲೊವಾಕಿಯದಲ್ಲಿ. ಹಗಲು ಮುಂಬಾಗಿಲಿಂದ ಒಳಗೆ ಹೋದರು, ಊಟ ಮಾಡಿದರು, ಕತ್ತಲಾದ ಮೇಲೆ ಹಿಂಬಾಗಿಲಿಂದ ಹೊರಬಿದ್ದರು. ಇಪ್ಪತ್ತಾರು ವರ್ಷದ ಆ ಹೆಣ್ಣುಮಗಳು ಅಲ್ಲಿಂದ ಮುಂದೆ ಹದಿನೆಂಟು ವರ್ಷ ಯಾವ ದೇಶಕ್ಕೂ ಸೇರದವಳಾಗಿ ಬದುಕಿದಳು.

ಗುರ್ಸ್‌ನ ಕೆಸರು

ಪ್ರಾಗ್, ಜಿನೀವಾ ದಾಟಿ ಪ್ಯಾರಿಸ್. ಯಹೂದಿ ಮಕ್ಕಳನ್ನು ಪ್ಯಾಲೆಸ್ತೀನಿಗೆ ಕಳಿಸಿಕೊಡುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಬಟ್ಟೆ ಹೊಂದಿಸುವುದು, ಕಾಗದಪತ್ರ ಮಾಡಿಸುವುದು, ಹೆತ್ತವರನ್ನು ಸಂತೈಸುವುದು. ತತ್ವಶಾಸ್ತ್ರದ ಡಾಕ್ಟರೇಟು ಪಡೆದವಳಿಗೆ ಇದು ಕೀಳು ಕೆಲಸ ಎನಿಸಲಿಲ್ಲ. ವಾಲ್ಟರ್ ಬೆನ್ಯಾಮಿನ್‌ನಂಥ ಗೆಳೆಯರು ದೊರೆತರು. ಹೈನ್‌ರಿಷ್ ಬ್ಲೂಷರ್ ಎಂಬ ಬರ್ಲಿನ್ನಿನ ಕಾರ್ಮಿಕ ಕುಟುಂಬದ, ಕಾಲೇಜು ಮೆಟ್ಟಿಲು ಹತ್ತದ ವಿಚಾರವಂತ ದೊರೆತ. 1940ರ ಜನವರಿಯಲ್ಲಿ ಇಬ್ಬರೂ ಮದುವೆಯಾದರು.

ಅದೇ ಮೇ ತಿಂಗಳಲ್ಲಿ ಹಿಟ್ಲರ್‌ನ ಸೇನೆ ಫ್ರಾನ್ಸಿನೊಳಕ್ಕೆ ನುಗ್ಗಿತು. ಫ್ರೆಂಚ್ ಸರ್ಕಾರ ಮಾಡಿದ್ದೇನು? ಜರ್ಮನಿಯಿಂದ ಬಂದವರೆಲ್ಲ 'ಶತ್ರು ದೇಶದವರು' ಎಂದು ಹಿಡಿದು ಕೂಡಿಹಾಕಿತು. ಹಿಟ್ಲರ್‌ನ ಕಣ್ಣಿಗೆ ಇವರು ಜರ್ಮನ್ನರಲ್ಲ, ಯಹೂದಿಗಳು. ಫ್ರೆಂಚರ ಕಣ್ಣಿಗೆ ಯಹೂದಿಗಳಲ್ಲ, ಜರ್ಮನ್ನರು! ಮಹಿಳೆಯರನ್ನು ಪ್ಯಾರಿಸ್ಸಿನ ಸೈಕಲ್ ರೇಸಿನ ಒಳಾಂಗಣದಲ್ಲಿ ಒಂದು ವಾರ ಇರಿಸಿ, ದೇಶದ ಇನ್ನೊಂದು ತುದಿಗೆ, ಪಿರಿನೀಸ್ ಪರ್ವತದ ತಪ್ಪಲಿಗೆ ಸಾಗಿಸಿದರು. ಆ ಜಾಗದ ಹೆಸರು ಗುರ್ಸ್.

ಪೋ ಮತ್ತು ಓಲೊರೋಂ ಪಟ್ಟಣಗಳ ಕಡೆಯಿಂದ ಈಗ ಗುರ್ಸ್‌ಗೆ ಹೋದರೆ ಕಣ್ಣಿಗೆ ಕಾಣುವುದು ಕಾಡು. ಎತ್ತರದ ಮರಗಳು, ಹಸಿರು, ದೂರದಲ್ಲಿ ಹಿಮ ಹೊದ್ದ ಶಿಖರಗಳು. ಪಿಕ್‌ನಿಕ್ಕಿಗೆ ಹೇಳಿ ಮಾಡಿಸಿದಂಥ ಜಾಗ ಎನ್ನಬೇಕು. ಆದರೆ 1940ರಲ್ಲಿ ಇಲ್ಲಿ ಒಂದು ಮರವೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಹಲಗೆಮನೆಗಳನ್ನೆಲ್ಲ ಕೆಡವಿ, ಆ ನೆಲದ ಮೇಲೆ ಸಸಿ ನೆಟ್ಟು, ಕಾಡು ಬೆಳೆಸಿದರು. ಮರೆಯಲು ಅದೊಂದು ಉಪಾಯ ಎಂದರೆ ತಪ್ಪಾಗದು.

ಶಿಬಿರ ಮೊದಲು ಕಟ್ಟಿದ್ದು 1939ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ಓಡಿಬಂದ ಗಣರಾಜ್ಯದ ಸೈನಿಕರಿಗಾಗಿ. ಹಲಗೆ ಮತ್ತು ಡಾಂಬರು ಕಾಗದದ ಸಾಲು ಸಾಲು ಮನೆಗಳು. ಮಲಗಲು ಹುಲ್ಲಿನ ಚೀಲ. ಮಣ್ಣು ಜೇಡಿ. ಮಳೆ ಬಿದ್ದರೆ ನೀರು ಇಂಗುವುದಿಲ್ಲ. ಕೆಸರಿನಲ್ಲಿ ಕಾಲು ಹೂತು ಪಾಯಿಖಾನೆಗೆ ಹೋಗಿ ಬರುವುದೇ ಒಂದು ಸಾಹಸ. 1939ರಿಂದ 1945ರವರೆಗೆ 60,000ಕ್ಕೂ ಹೆಚ್ಚು ಜನ ಈ ಕೆಸರು ತುಳಿದರು. ಒಳಗಿದ್ದ ಹೆಂಗಸರು ಸೋಲದಿರಲು ಚಿಕ್ಕ ಚಿಕ್ಕ ಶಿಸ್ತುಗಳನ್ನು ಇಟ್ಟುಕೊಂಡಿದ್ದರು. ಆರೆಂಟ್ ತಮ್ಮ ಜೊತೆಯವರಿಗೆ ಅಚ್ಚುಕಟ್ಟಾಗಿರುವಂತೆ ಒತ್ತಾಯಿಸುತ್ತಿದ್ದರು.

ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಆಗ ಕೆಲವೇ ದಿನ ಯಾರ ಆಳ್ವಿಕೆ ಎಲ್ಲಿ ಎಂಬುದೇ ತಿಳಿಯದ ಗೊಂದಲ. ಶಿಬಿರದ ಕಚೇರಿ ಬಿಡುಗಡೆ ಚೀಟಿ ಕೊಡತೊಡಗಿತು. ಹೊರಟರೆ ಎಲ್ಲಿಗೆ? ದುಡ್ಡಿಲ್ಲ, ರೈಲಿಲ್ಲ, ಅಂಚೆಯಿಲ್ಲ. ಕೈಗೆ ತೆಗೆದುಕೊಳ್ಳಬಹುದಾದದ್ದು ಒಂದು ಹಲ್ಲುಜ್ಜುವ ಬ್ರಷ್ಷು. ಗಂಡ ಎಲ್ಲಿದ್ದಾನೋ ಗೊತ್ತಿಲ್ಲ. ಇಲ್ಲೇ ಇದ್ದರೆ ಹುಡುಕಿಕೊಂಡು ಬಂದಾನು, ವಿಳಾಸವಾದರೂ ಒಂದಿದೆ ಎಂದು ಬಹುಮಂದಿ ಉಳಿದರು. ಸುಮಾರು 7,000 ಮಂದಿಯಲ್ಲಿ ಹೊರಟವರು 200 ಇರಬಹುದು ಎಂದು ಆರೆಂಟ್ ಮುಂದೆ ಬರೆದರು. ಅವರಲ್ಲಿ ಆಕೆಯೂ ಒಬ್ಬರು. ಕಾಲುನಡಿಗೆಯಲ್ಲಿ, ಸಿಕ್ಕ ಗಾಡಿ ಹತ್ತಿ, ಮೊಂಟೋಬಾನ್ ಪಟ್ಟಣದ ಹತ್ತಿರ ಗೆಳತಿಯೊಬ್ಬಳು ಹಿಡಿದಿದ್ದ ಮನೆ ಸೇರಿದರು. ಆ ಪಟ್ಟಣದ ಬೀದಿಯಲ್ಲಿ ಒಂದು ದಿನ ಬ್ಲೂಷರ್ ಎದುರಿಗೇ ಸಿಕ್ಕಿದ.

ಉಳಿದವರ ಕಥೆ ಬೇರೆ. ಆ ಅಕ್ಟೋಬರ್‌ನಲ್ಲಿ ನಾಜಿಗಳು ಜರ್ಮನಿಯ ಬಾಡೆನ್ ಮತ್ತು ಫಾಲ್ಟ್ಸ್ ಸೀಮೆಗಳ 6,500ಕ್ಕೂ ಹೆಚ್ಚು ಯಹೂದಿಗಳನ್ನು, ಮುದುಕರು ಮಕ್ಕಳೆನ್ನದೆ, ರೈಲಿಗೆ ತುಂಬಿ ಗುರ್ಸ್‌ಗೆ ತಂದು ಸುರಿದರು. ಚಳಿ, ಹಸಿವೆ, ಭೇದಿಯಿಂದ ಸತ್ತವರ ಸಾವಿರಕ್ಕೂ ಹೆಚ್ಚು ಗೋರಿಗಳು ಕಾಡಿನ ಅಂಚಿನಲ್ಲಿ ಸಾಲಾಗಿವೆ. 1942ರ ಆಗಸ್ಟ್‌ನಿಂದ ಆಚೆಗೆ ಸುಮಾರು 3,900 ಜನರನ್ನು ಇಲ್ಲಿಂದ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರ ಕೊನೆ ಔಷ್‌ವಿಟ್ಸ್‌ನಲ್ಲಿ. ಶಿಬಿರಕ್ಕೆ ರೈಲು ಹಳಿ ಬಂದಿರಲಿಲ್ಲ. ಆದರೂ 1994ರಲ್ಲಿ ಸ್ಮಾರಕ ರಚಿಸಿದ ಇಸ್ರೇಲಿ ಶಿಲ್ಪಿ ದಾನಿ ಕಾರವಾನ್ ಮರಗಳ ನಡುವೆ ಒಂದು ತುಂಡು ಹಳಿ ಹಾಸಿದ್ದಾರೆ. ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ವೀಸಾ ಸಿಕ್ಕಿ, 1941ರ ಆರಂಭದಲ್ಲಿ ಗಂಡ ಹೆಂಡತಿ ಲಿಸ್ಬನ್ ಕಡೆ ಹೊರಟರು. ಸ್ಪೇನಿನ ಗಡಿಯ ಪೋರ್ಟ್‌ಬೋ ಎಂಬ ಕಡಲೂರಿನಲ್ಲಿ ಇಳಿದು ಗೆಳೆಯ ಬೆನ್ಯಾಮಿನ್‌ನ ಗೋರಿ ಹುಡುಕಿದರು. ಗಡಿ ದಾಟಗೊಡದೆ ಹಿಂದಕ್ಕೆ ಕಳಿಸುತ್ತಾರೆಂಬ ಭಯದಲ್ಲಿ ಆತ ಅಲ್ಲಿ 1940ರ ಸೆಪ್ಟೆಂಬರ್‌ನಲ್ಲಿ ಪ್ರಾಣ ಕಳೆದುಕೊಂಡಿದ್ದ. ಸಮುದ್ರಕ್ಕೆ ಮುಖ ಮಾಡಿದ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಸುಂದರ ಸ್ಮಶಾನ. ಅವನ ಹೆಸರು ಎಲ್ಲಿಯೂ ಕಾಣಲಿಲ್ಲ. ಅವನು ಒಪ್ಪಿಸಿದ್ದ ಹಸ್ತಪ್ರತಿ ಮಾತ್ರ ಆರೆಂಟರ ಪೆಟ್ಟಿಗೆಯಲ್ಲಿ ಅಮೆರಿಕ ಸೇರಿತು.

ಕಳ್ಳನಿಗಿರುವ ಹಕ್ಕು

ನ್ಯೂಯಾರ್ಕಿನ 95ನೇ ಬೀದಿಯ ಬಾಡಿಗೆ ಕೋಣೆಗಳಲ್ಲಿ, ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ, ಆರೆಂಟ್ ಬರೆದದ್ದು ಸರ್ವಂಕಷ ಪ್ರಭುತ್ವದ ಮೂಲಗಳನ್ನು ಕುರಿತ ಬೃಹತ್ ಗ್ರಂಥ. ಅದು 1951ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಕೆಗೆ ಅಮೆರಿಕದ ಪೌರತ್ವವೂ ಸಿಕ್ಕಿತು.

ಸರ್ವಂಕಷ ಪ್ರಭುತ್ವವೆಂದರೆ ಬರಿಯ ಸರ್ವಾಧಿಕಾರವಲ್ಲ. ಸಾಮಾನ್ಯ ಸರ್ವಾಧಿಕಾರಿಗೆ ನೀವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮನೆಗೆ ಹೋಗಿ ಚಿಲಕ ಹಾಕಿಕೊಂಡು ಏನು ಬೇಕಾದರೂ ಯೋಚಿಸಬಹುದು. ಇದಕ್ಕೆ ಅಷ್ಟು ಸಾಲದು. ಚಿಲಕದ ಒಳಗೂ, ತಲೆಯ ಒಳಗೂ ಬರುತ್ತದೆ. ವಿರೋಧಿಗಳು ಇರುವಾಗ ಇತರ ಆಳ್ವಿಕೆಗಳು ಕ್ರೂರವಾಗಿರುತ್ತವೆ. ಇದು ವಿರೋಧಿಗಳೆಲ್ಲ ಮುಗಿದ ಮೇಲೆ ಇನ್ನೂ ಕ್ರೂರವಾಗುತ್ತದೆ. ಏಕೆಂದರೆ ಅದಕ್ಕೆ ಬೇಕಾದದ್ದು ವಿಧೇಯತೆಯಲ್ಲ, ಮನುಷ್ಯನಿಂದ ಅವನ ಸ್ವಂತಿಕೆಯನ್ನೇ ತೆಗೆದುಹಾಕುವುದು. ಯಾತನಾ ಶಿಬಿರಗಳು ಆ ಪ್ರಯೋಗದ ಶಾಲೆಗಳು. ಇದು ಬೇರು ಬಿಡುವುದಾದರೂ ಎಲ್ಲಿ? ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂಟಿಯಾದ ಜನಸಮೂಹದಲ್ಲಿ. ಸಂಘವಿಲ್ಲ, ನೆರೆಹೊರೆಯಿಲ್ಲ, ಯಾರನ್ನೂ ನಂಬುವಂತಿಲ್ಲ. ಅಂಥವರ ಕಿವಿಗೆ, ಜಗತ್ತಿನ ಎಲ್ಲ ಕಷ್ಟಕ್ಕೂ ಒಂದೇ ಕಾರಣ ಎಂದು ಹೇಳುವ ಸಿದ್ಧಾಂತ ಹಿತವಾಗಿ ಕೇಳಿಸುತ್ತದೆ.

ಹಿಟ್ಲರ್‌ನ ಜರ್ಮನಿ, ಸ್ಟಾಲಿನ್‌ನ ರಷ್ಯ ಎರಡನ್ನೂ ಆಕೆ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ಅನೇಕರಿಗೆ ಹಿಡಿಸಲಿಲ್ಲ. ನಾಜಿಗಳ ಭಾಗಕ್ಕೆ ಹೋಲಿಸಿದರೆ ರಷ್ಯದ ಭಾಗ ತೆಳು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಕೆಯ ಸ್ವಂತ ಊರಿನ ಗತಿ ನೋಡಿ. ಕೋನಿಗ್ಸ್‌ಬರ್ಗಿನ ಯಹೂದಿ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟರು. 1944ರ ಆಗಸ್ಟ್‌ನಲ್ಲಿ ಬ್ರಿಟಿಷರ ಬಾಂಬುಗಳು ಊರಿನ ನಡುಭಾಗವನ್ನು ಬೂದಿ ಮಾಡಿದವು. 1945ರ ಏಪ್ರಿಲ್‌ನಲ್ಲಿ ಸೋವಿಯತ್ ಸೇನೆ ಬಂತು. ಉಳಿದ ಜರ್ಮನ್ನರನ್ನೆಲ್ಲ ಕೆಲವೇ ವರ್ಷಗಳಲ್ಲಿ ಹೊರಗಟ್ಟಲಾಯಿತು. ರಾಜರ ಹಳೆಯ ಕೋಟೆಯ ಅವಶೇಷವನ್ನು 1960ರ ದಶಕದಲ್ಲಿ ಸಿಡಿಮದ್ದಿಟ್ಟು ಕೆಡವಿ, ಪಕ್ಕದಲ್ಲಿ 'ಸೋವಿಯತ್ ಭವನ' ಎಂಬ ದೈತ್ಯ ಕಟ್ಟಡ ಎಬ್ಬಿಸಿದರು. ಅದು ಎಂದೂ ಮುಗಿಯಲಿಲ್ಲ, ಯಾರೂ ಅದರಲ್ಲಿ ಕಚೇರಿ ಮಾಡಲಿಲ್ಲ. ಈಚೆಗೆ 2023-24ರಲ್ಲಿ ಅದನ್ನೂ ಕೆಡವಿದ್ದಾಯಿತು. ಎರಡೂ ಪ್ರಭುತ್ವಗಳ ರುಚಿ ಕಂಡ ಊರು ಅದು. ಸುಟ್ಟುಹೋದ ಮಂದಿರವನ್ನು ಮಾತ್ರ ಅದೇ ಜಾಗದಲ್ಲಿ ಮತ್ತೆ ಕಟ್ಟಿ 2018ರಲ್ಲಿ ತೆರೆದಿದ್ದಾರೆ.

ಆ ಗ್ರಂಥದಲ್ಲಿ ವಿದ್ಯಾರ್ಥಿಗಳು ತಪ್ಪದೆ ಓದಬೇಕಾದದ್ದು ದೇಶವಿಲ್ಲದವರ ಕುರಿತ ಅಧ್ಯಾಯ. ಮಾನವ ಹಕ್ಕುಗಳು ಮನುಷ್ಯನಾಗಿ ಹುಟ್ಟಿದ ಎಲ್ಲರಿಗೂ ಇವೆ ಎಂದು ಘೋಷಣೆಗಳು ಹೇಳುತ್ತವೆ. ಆದರೆ ಪೌರತ್ವ ಕಿತ್ತುಕೊಂಡು, ಮನುಷ್ಯತ್ವ ಒಂದನ್ನೇ ಉಳಿಸಿ ಬೀದಿಗೆ ಬಿಟ್ಟ ಲಕ್ಷಾಂತರ ಜನ ಯಾವ ಠಾಣೆಗೆ ಹೋಗಬೇಕಿತ್ತು? ಇಲ್ಲಿ ಆರೆಂಟ್ ಒಂದು ಕಟುವಾದ ವಿಚಿತ್ರವನ್ನು ತೋರಿಸುತ್ತಾರೆ. ದೇಶವಿಲ್ಲದವನು ಸುಮ್ಮನೆ ಇದ್ದರೆ ಅವನನ್ನು ಪೊಲೀಸರು ವಿಚಾರಣೆಯಿಲ್ಲದೆ ಎಲ್ಲಿಗೆ ಬೇಕಾದರೂ ದಬ್ಬಬಹುದು. ಅವನೇ ಒಂದು ಸಣ್ಣ ಕಳ್ಳತನ ಮಾಡಿದರೆ? ಆಗ ಮೊಕದ್ದಮೆ, ವಕೀಲ, ನ್ಯಾಯಾಧೀಶ, ಹಾಸಿಗೆ, ಊಟ ಎಲ್ಲ ಬರುತ್ತದೆ. ಕಳ್ಳನಿಗೆ ಇರುವ ಹಕ್ಕು ನಿರಪರಾಧಿಗೆ ಇಲ್ಲ! ಎಲ್ಲ ಹಕ್ಕುಗಳಿಗೂ ಮೊದಲು ಬೇಕಾದದ್ದು ಹಕ್ಕುಗಳನ್ನು ಹೊಂದುವ ಹಕ್ಕು, ಅಂದರೆ ತನ್ನ ಮಾತಿಗೆ ಬೆಲೆ ಕೊಡುವ ಒಂದು ಸಮುದಾಯದಲ್ಲಿ ಜಾಗ. ನಾಜಿಗಳು ಕೊಲ್ಲುವ ಮೊದಲು ಮಾಡಿದ್ದೂ ಅದನ್ನೇ: 1935ರ ಕಾನೂನುಗಳಿಂದ ಆರಂಭಿಸಿ ಯಹೂದಿಗಳನ್ನು ಕಾನೂನಿನ ಆಸರೆಯಿಂದ ಹಂತ ಹಂತವಾಗಿ ಹೊರಗೆ ಹಾಕಿದ್ದು. ಯಾರಿಗೂ ಸೇರದವರು ಎಂದಾದ ಮೇಲೆ ಕೇಳುವವರೇ ಇರಲಿಲ್ಲ.

ಈ ಅಳತೆಗೋಲನ್ನು ಆಕೆ ತಮ್ಮವರಿಗೂ ಹಿಡಿದರು. 1948ರಲ್ಲಿ ಇಸ್ರೇಲ್ ಹುಟ್ಟಿ ಯಹೂದಿಗಳಿಗೆ ದೇಶ ದೊರೆತಾಗ, ಲಕ್ಷಾಂತರ ಅರಬ್ಬರು ದೇಶವಿಲ್ಲದವರಾದದ್ದನ್ನು ಅದೇ ಗ್ರಂಥದಲ್ಲಿ ಗುರುತಿಸಿದರು.

ಎಲ್ಲ ಕಡೆಯೂ ಆಕೆಯ ಕಣ್ಣು ಇಷ್ಟೇ ಚುರುಕಾಗಿತ್ತೆನ್ನಲಾಗದು. ಅಮೆರಿಕದ ಲಿಟಲ್ ರಾಕ್ ಪಟ್ಟಣದಲ್ಲಿ 1957ರಲ್ಲಿ ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋದಾಗ ಗುಂಪು ಕಟ್ಟಿ ಕಿರುಚಿದರು. ದೊಡ್ಡವರ ಹೋರಾಟದ ಹೊರೆಯನ್ನು ಮಕ್ಕಳ ಹೆಗಲಿಗೆ ಹಾಕುವುದೇ ಎಂದು ಆರೆಂಟ್ ಹೆತ್ತವರನ್ನೇ ಟೀಕಿಸಿ ಬರೆದರು. ಈ ಲೇಖನ ದೊಡ್ಡ ಟೀಕೆಗೆ ಗುರಿಯಾಯಿತು. ಅಂಥ ಭಯವನ್ನು ಎದುರಿಸಿ ನಿಲ್ಲಲು ಮಗುವನ್ನು ಸಿದ್ಧಗೊಳಿಸುವುದೇ ಆ ಹೆತ್ತವರಿಗಿರುವ ದಾರಿ ಎಂದು ಕಪ್ಪು ಲೇಖಕ ರಾಲ್ಫ್ ಎಲಿಸನ್ ವಿವರಿಸಿದಾಗ, ಆತ ಹೇಳಿದ್ದು ಸರಿ ಎಂದು ಆರೆಂಟ್ ಪತ್ರ ಬರೆದು ಒಪ್ಪಿಕೊಂಡರು. ಮಾರ್ತಾಳ ಮಗಳಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಗಾಜಿನ ಪೆಟ್ಟಿಗೆ

ಜೆರುಸಲೇಮಿನಲ್ಲಿ ಈಗ ನಾಟಕ, ನೃತ್ಯ ನಡೆಯುವ ಗೆರಾರ್ಡ್ ಬೆಹಾರ್ ಕಲಾಕೇಂದ್ರವಿದೆ. 1961ರಲ್ಲಿ ಅದಕ್ಕೆ 'ಬೇತ್ ಹಾಆಮ್', ಜನರ ಮನೆ ಎಂಬ ಹೆಸರು. ಆ ಏಪ್ರಿಲ್ 11ರಂದು ಅಲ್ಲಿನ ರಂಗಮಂದಿರವೇ ನ್ಯಾಯಾಲಯವಾಯಿತು. ಗಾಜಿನ ಪೆಟ್ಟಿಗೆಯೊಳಗೆ ಅಡಾಲ್ಫ್ ಐಖ್‌ಮನ್. ಯುರೋಪಿನ ಮೂಲೆಮೂಲೆಯಿಂದ ಯಹೂದಿಗಳನ್ನು ರೈಲಿನಲ್ಲಿ ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದವನು. ಅರ್ಜೆಂಟೀನಾದಲ್ಲಿ ಅಡಗಿದ್ದವನನ್ನು ಹಿಂದಿನ ವರ್ಷ ಇಸ್ರೇಲಿ ಗೂಢಚಾರರು ಹಿಡಿದು ತಂದಿದ್ದರು.

ಒಂದು ಅಮೆರಿಕನ್ ವಾರಪತ್ರಿಕೆಯ ಪರವಾಗಿ ವರದಿ ಮಾಡಲು ಬಂದ ಆರೆಂಟ್ ರಾಕ್ಷಸನನ್ನು ನೋಡುವ ನಿರೀಕ್ಷೆಯಲ್ಲಿದ್ದರು. ಕಂಡದ್ದು ನೆಗಡಿಯಾಗಿದ್ದ, ಕಚೇರಿ ಭಾಷೆ ಬಿಟ್ಟು ಬೇರೆ ಮಾತಾಡಲು ಬಾರದ ಒಬ್ಬ ಗುಮಾಸ್ತ. ಎದುರಿಗಿರುವವನ ಜಾಗದಲ್ಲಿ ನಿಂತು ಒಂದು ಕ್ಷಣ ಯೋಚಿಸುವ ಶಕ್ತಿಯೇ ಅವನಿಗಿಲ್ಲ. ಇಷ್ಟು ದೊಡ್ಡ ಕೇಡು ಇಷ್ಟು ಸಪ್ಪೆ ಮನುಷ್ಯನ ಕೈಯಿಂದ ನಡೆಯಬಲ್ಲದು ಎ೦ಬುದೇ ಭಯಂಕರ ಎಂದು ಬರೆದರು. 'ಕೇಡಿನ ಸಾಮಾನ್ಯತೆ' ಎಂಬ ನುಡಿ ಜಗತ್ತಿಗೆಲ್ಲ ಹಬ್ಬಿತು. ಕೇಡು ಸಾಮಾನ್ಯವಾದದ್ದು, ಕ್ಷಮಿಸಬಹುದು ಎಂಬ ಅರ್ಥ ಅದಕ್ಕಿಲ್ಲ. ಅವನನ್ನು ಗಲ್ಲಿಗೇರಿಸಿದ್ದು ಸರಿ ಎಂದೇ ಆಕೆಯ ತೀರ್ಮಾನ.

ಐಖ್‌ಮನ್‌ನ ಬಗ್ಗೆ ಆಕೆಯ ಚಿತ್ರ ಪೂರ್ತಿ ಸರಿಯೆಂದು ಈಗ ಹೇಳಲಾಗದು. ಅರ್ಜೆಂಟೀನಾದಲ್ಲಿ ಅವನು ಹಳೆಯ ನಾಜಿಗಳ ಮುಂದೆ ಆಡಿದ ಮಾತುಗಳ ಧ್ವನಿಮುದ್ರಿಕೆ ಮತ್ತು ಬರಹಗಳನ್ನು ಕೆದಕಿ ಜರ್ಮನ್ ವಿದುಷಿ ಬೆಟಿನಾ ಷ್ಟಾಂಗ್‌ನೆತ್ 2011ರಲ್ಲಿ ಪ್ರಕಟಿಸಿದ ಗ್ರಂಥ, ಅವನು ಯಹೂದಿದ್ವೇಷವನ್ನು ಮನಸಾರೆ ನಂಬಿದ್ದವನು, ನ್ಯಾಯಾಲಯದಲ್ಲಿ ಗುಮಾಸ್ತನ ವೇಷ ಕಟ್ಟಿದ್ದ ಎಂದು ತೋರಿಸಿದೆ. ಆ ವೇಷಕ್ಕೆ ಆರೆಂಟ್ ಒಂದಿಷ್ಟು ಮರುಳಾದರು ಎನ್ನಬೇಕು. ಆದರೆ ಯೋಚಿಸದೆ ಸಹಿ ಹಾಕುವ ಗುಮಾಸ್ತರ ಬಗ್ಗೆ ಆಕೆ ಹೇಳಿದ್ದು ಬಿದ್ದುಹೋಗುವುದಿಲ್ಲ. ರೈಲಿನ ವೇಳಾಪಟ್ಟಿ ಬರೆದವರು, ಟಿಕೇಟಿನ ಲೆಕ್ಕ ಇಟ್ಟವರು ಐಖ್‌ಮನ್ ಒಬ್ಬನೇ ಅಲ್ಲವಲ್ಲ.

ದೊಡ್ಡ ಗದ್ದಲ ಎದ್ದದ್ದು ಬೇರೊಂದು ಕಾರಣಕ್ಕೆ. ನಾಜಿಗಳು ನೇಮಿಸಿದ ಯಹೂದಿ ಮಂಡಳಿಗಳ ಮುಖಂಡರು ಪಟ್ಟಿಗಳನ್ನು ತಯಾರಿಸಿಕೊಟ್ಟು ಸಹಕರಿಸದಿದ್ದರೆ ಸತ್ತವರ ಸಂಖ್ಯೆ ಇಷ್ಟಾಗುತ್ತಿರಲಿಲ್ಲ ಎಂದು ಆಕೆ ಕೆಲವೇ ಪುಟಗಳಲ್ಲಿ ಬರೆದರು. ಕತ್ತಿನ ಮೇಲೆ ಕತ್ತಿ ಇರುವವರಿಗೆ ತೀರ್ಪು ಕೊಡುವುದು ಸುಲಭ. ಆ ಪುಟಗಳ ದನಿಯಲ್ಲಿ ದಯೆ ಸಾಲದು ಎಂದು ನನಗೂ ಅನಿಸುತ್ತದೆ. ಹಳೆಯ ಗೆಳೆಯರು ಮಾತು ಬಿಟ್ಟರು. ನಿನಗೆ ಯಹೂದಿ ಜನರ ಮೇಲೆ ಪ್ರೀತಿಯಿಲ್ಲ ಎಂದು ಜೆರುಸಲೇಮಿನ ವಿದ್ವಾಂಸ ಗೆರ್ಷೋಮ್ ಷೋಲೆಮ್ ಪತ್ರ ಬರೆದರು. ಯಹೂದಿಯಾಗಿರುವುದು ತನ್ನ ಬದುಕಿನ ನಿರ್ವಿವಾದ ಸಂಗತಿ, ಅದನ್ನು ಬದಲಿಸುವ ಆಸೆ ಎಂದೂ ಬಂದಿಲ್ಲ. ಆದರೆ ಪ್ರೀತಿ ಎಂಬುದು ಸ್ನೇಹಿತರ ಮೇಲೆ ಬರುವಂಥದು, ಒಂದು ಇಡೀ ಜನಾಂಗದ ಮೇಲಲ್ಲ ಎಂದು ಆಕೆ ಉತ್ತರಿಸಿದರು. ಪುಸ್ತಕದ ಹೀಬ್ರೂ ಅನುವಾದ ಬರಲು 2000ದವರೆಗೆ ಕಾಯಬೇಕಾಯಿತು. ಇತ್ತ ಜರ್ಮನಿಯಲ್ಲಿ, ಬರ್ಲಿನ್ನಿನ ಯಹೂದಿ ಸ್ಮಾರಕದ 2,711 ಕಾಂಕ್ರೀಟು ಕಂಬಗಳ ಪಕ್ಕದ ಬೀದಿಗೆ ಆಕೆಯ ಹೆಸರಿದೆ. ಹ್ಯಾನೋವರ್‌ನ ಶಾಸನಸಭೆಯ ಎದುರಿನ ಚೌಕಕ್ಕೂ 2015ರಲ್ಲಿ ಅದೇ ಹೆಸರು ಬಂತು.

1975ರ ಡಿಸೆಂಬರ್ 4ರ ಸಂಜೆ ನ್ಯೂಯಾರ್ಕಿನ ರಿವರ್‌ಸೈಡ್ ಡ್ರೈವ್‌ನ ಮನೆಯಲ್ಲಿ ಸ್ನೇಹಿತರ ಜೊತೆ ಮಾತಾಡುತ್ತ ಕುಳಿತಿದ್ದಾಗಲೇ ಹೃದಯ ನಿಂತಿತು. ಟೈಪ್‌ರೈಟರಿನಲ್ಲಿ ಹೊಸ ಅಧ್ಯಾಯದ ಮೊದಲ ಹಾಳೆ ಇತ್ತು: ತಲೆಬರಹ, ಕೆಳಗೆ ಬೇರೆಯವರ ಎರಡು ಉಕ್ತಿಗಳು, ಅಷ್ಟೇ. ಅಂತ್ಯಕ್ರಿಯೆಯಲ್ಲಿ ಯಹೂದಿ ಪ್ರಾರ್ಥನೆ ಇರಬೇಕೇ ಬೇಡವೇ ಎಂದು ಬಂಧುಗಳಿಗೂ ಸ್ನೇಹಿತರಿಗೂ ಚರ್ಚೆಯಾಯಿತು. ಕೊನೆಗೆ ಒಂದು ಕೀರ್ತನೆಯನ್ನು ಮೊದಲು ಹೀಬ್ರೂವಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರು.

ಅಸ್ಥಿಯನ್ನು ಇಟ್ಟದ್ದು ಹಡ್ಸನ್ ನದಿಯ ಕಡೆಯ ಬಾರ್ಡ್ ಕಾಲೇಜಿನ ಪುಟ್ಟ ಸ್ಮಶಾನದಲ್ಲಿ, ಅಲ್ಲಿ ಪಾಠ ಹೇಳುತ್ತಿದ್ದ ಬ್ಲೂಷರ್‌ನ ಪಕ್ಕದಲ್ಲಿ. ನೆಲಮಟ್ಟದ ಸಾದಾ ಕಲ್ಲು, ಹುಡುಕದಿದ್ದರೆ ಕಾಣುವುದಿಲ್ಲ. ಬಂದವರು ಯಹೂದಿ ಪದ್ಧತಿಯಂತೆ ಅದರ ಮೇಲೆ ಹೂವಿನ ಬದಲು ಸಣ್ಣ ಬೆಣಚುಗಳನ್ನು ಇಟ್ಟು ಹೋಗುತ್ತಾರೆ. ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಆಕೆಯ ಸುಮಾರು 4,000 ಪುಸ್ತಕಗಳಿವೆ. ಓದುತ್ತ ಆಕೆ ಎಳೆದ ಗೆರೆಗಳು, ಅಂಚಿನಲ್ಲಿ ಬರೆದ ಟಿಪ್ಪಣಿಗಳು ಹಾಗೆಯೇ ಇವೆ. ವಿದ್ಯಾರ್ಥಿಗಳು ಕೇಳಿ ಪಡೆದು ನೋಡಬಹುದು.